ದಾಟಿದ ಕ್ರೆಡಿಟ್ಟೆಲ್ಲ ಲೆಕ್ಕಕ್ಕೆ ಬರುವುದಿಲ್ಲ

ಕ್ಯಾಲಿಫೋರ್ನಿಯಾದ ಸ್ಯಾನ್ ಫ್ರಾನ್ಸಿಸ್ಕೋ ಸುತ್ತಮುತ್ತಲಿನ ಬೇ ಏರಿಯಾದ ನಮ್ಮವರ ಮನೆಗಳಲ್ಲಿ ಮಾರ್ಚ್ ತಿಂಗಳು ಬಂತೆಂದರೆ ಎಲ್ಲರ ಮುಖದಲ್ಲೂ ಒಂದು ಬಿಗುವು. ಹೈಸ್ಕೂಲಿನ ಕೊನೆಯ ವರ್ಷದ ಮಕ್ಕಳಿಗೆ ಯೂನಿವರ್ಸಿಟಿಗಳಿಂದ ಉತ್ತರ ಬರುವ ಕಾಲ ಅದು. ಬರ್ಕ್ಲಿ ಸಿಕ್ಕಿತು, ಸ್ಯಾನ್ ಡಿಯಾಗೋ ಸಿಕ್ಕಿತು ಅನ್ನುವ ಸುದ್ದಿ ಅವತ್ತೇ ವಾಟ್ಸಾಪ್ ಗ್ರೂಪಿಗೆ ಬರುತ್ತದೆ. ಕಮ್ಯುನಿಟಿ ಕಾಲೇಜಿಗೆ, ಅಂದರೆ ಎರಡು ವರ್ಷದ ಸರ್ಕಾರಿ ಕಾಲೇಜಿಗೆ, ಸೇರುವ ಮಗುವಿನ ಸುದ್ದಿ ಮಾತ್ರ ಯಾರೂ ಹಾಕುವುದಿಲ್ಲ. ಎದುರು ಸಿಕ್ಕಾಗ ಕೇಳಿದರೆ "ಸದ್ಯಕ್ಕೆ ಇಲ್ಲೇ ಹತ್ತಿರದಲ್ಲಿ ಸೇರಿಸಿದೀವಿ, ಆಮೇಲೆ ನೋಡೋಣ" ಅನ್ನುತ್ತಾರೆ. ಕಾಲೇಜಿನ ಹೆಸರು ಹೇಳುವುದಿಲ್ಲ.

ನನಗೆ ಇದು ಬೇಜಾರು ತರಿಸುತ್ತದೆ. ನಾನು ಓದಿದ್ದೇ ಆ ದಾರಿಯಲ್ಲಿ. ಅರಸೀಕೆರೆ ಕಡೆಯ ಹಳ್ಳಿಯಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿ, ಪಿಯುಸಿ ಕಾಮರ್ಸ್ ಮುಗಿಸಿ, ಬಿ.ಕಾಂ. ಅರ್ಧದಲ್ಲಿರುವಾಗ ಮದುವೆಯಾಗಿ, ಇಲ್ಲಿ ಕೆಲಸಕ್ಕೆ ಬಂದವರ ಮನೆಯವರಿಗೆ ಕೊಡುವ ಎಚ್-4 ವೀಸಾದಲ್ಲಿ ಇಲ್ಲಿಗೆ ಬಂದವಳು ನಾನು. ಮಗಳು ಸ್ಕೂಲಿಗೆ ಹೋಗಲು ಶುರು ಮಾಡಿದ ಮೇಲೆ ಈಸ್ಟ್ ಬೇ ಕಡೆಯ ಒಂದು ಕಮ್ಯುನಿಟಿ ಕಾಲೇಜಿಗೆ ಸೇರಿದೆ. ಅಲ್ಲಿಂದ ಕ್ಯಾಲಿಫೋರ್ನಿಯಾ ಸ್ಟೇಟ್ ಯೂನಿವರ್ಸಿಟಿಗೆ ಹೋಗಿ ಅಕೌಂಟಿಂಗ್‌ನಲ್ಲಿ ಡಿಗ್ರಿ ಮುಗಿಸಿದೆ. ಈಗ ನಮ್ಮವರ ಮಕ್ಕಳೂ, ನನ್ನ ಹಾಗೆ ಓದು ಅರ್ಧಕ್ಕೆ ಬಿಟ್ಟು ಬಂದ ಹೆಣ್ಣುಮಕ್ಕಳೂ ಈ ದಾರಿಯ ಬಗ್ಗೆ ಕೇಳುತ್ತಿರುತ್ತಾರೆ. ಎಲ್ಲರದ್ದೂ ಮೊದಲ ಪ್ರಶ್ನೆ ಒಂದೇ, ಪಾಸಾದ ಕೋರ್ಸಿನ ಲೆಕ್ಕ, ಅಂದರೆ ಕ್ರೆಡಿಟ್, ಯೂನಿವರ್ಸಿಟಿಗೆ ದಾಟುತ್ತದಾ ಅನ್ನುವುದು: "ಅಕ್ಕಾ, ಕ್ರೆಡಿಟ್ ಟ್ರಾನ್ಸ್‌ಫರ್ ಆಗುತ್ತಲ್ವಾ?"

ಆಗುತ್ತದೆ. ಆದರೆ ಆ ಪ್ರಶ್ನೆಗೆ "ಹೌದು" ಅನ್ನುವ ಉತ್ತರ ಕೇಳಿ ಸುಮ್ಮನಾದವರೇ ಜಾಸ್ತಿ ಕಷ್ಟಕ್ಕೆ ಸಿಕ್ಕಿಕೊಳ್ಳುತ್ತಾರೆ. ಅದಕ್ಕೇ ಇದನ್ನು ಸ್ವಲ್ಪ ಉದ್ದಕ್ಕೆ ಬರೆಯಬೇಕು ಅನ್ನಿಸಿತು.

ಮೊದಲು ಈ ವ್ಯವಸ್ಥೆ ಹೇಗಿದೆ ಅಂತ ನೋಡೋಣ. ಕ್ಯಾಲಿಫೋರ್ನಿಯಾದಲ್ಲಿ ಸರ್ಕಾರಿ ಕಾಲೇಜು ಶಿಕ್ಷಣಕ್ಕೆ ಮೂರು ಹಂತಗಳಿವೆ. ಕೆಳಗೆ 116 ಕಮ್ಯುನಿಟಿ ಕಾಲೇಜುಗಳು. ಅದರ ಮೇಲೆ ಕ್ಯಾಲಿಫೋರ್ನಿಯಾ ಸ್ಟೇಟ್ ಯೂನಿವರ್ಸಿಟಿ, ಎಲ್ಲರೂ ಸಿಎಸ್‌ಯು ಅನ್ನುವುದು. ಇನ್ನೊಂದು ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ, ಅಂದರೆ ಯುಸಿ. ಬರ್ಕ್ಲಿ, ಲಾಸ್ ಏಂಜಲೀಸ್, ಡೇವಿಸ್ ಎಲ್ಲ ಬರುವುದು ಇದರೊಳಗೆ. ಈ ವಿಂಗಡಣೆ ಗಟ್ಟಿಯಾದದ್ದು 1960ರ ಮಾಸ್ಟರ್ ಪ್ಲಾನ್‌ನಿಂದ. ಆಗ ಯುಸಿ ಅಧ್ಯಕ್ಷರಾಗಿದ್ದವರು ಕ್ಲಾರ್ಕ್ ಕೆರ್, ಗವರ್ನರ್ ಪ್ಯಾಟ್ ಬ್ರೌನ್. ಹೈಸ್ಕೂಲ್ ಮುಗಿಸಿದವರಲ್ಲಿ ಮೇಲಿನ ಎಂಟನೇ ಒಂದು ಭಾಗಕ್ಕೆ ಯುಸಿ, ಮೇಲಿನ ಮೂರನೇ ಒಂದು ಭಾಗಕ್ಕೆ ಸಿಎಸ್‌ಯು, ಉಳಿದ ಯಾರೇ ಬಂದರೂ ಕಮ್ಯುನಿಟಿ ಕಾಲೇಜು ಅಂತ ಹಂಚಿದರು.

ಇಷ್ಟೇ ಆಗಿದ್ದರೆ ಅದು ಮಕ್ಕಳನ್ನು ಮೂರು ಗುಂಪು ಮಾಡಿ ಕೂರಿಸುವ ಯೋಜನೆಯಾಗುತ್ತಿತ್ತು. ಆದರೆ ಅದೇ ಯೋಜನೆಯಲ್ಲಿ ಇನ್ನೊಂದು ಮಾತು ಸೇರಿಸಿದ್ದರು. ಕಮ್ಯುನಿಟಿ ಕಾಲೇಜಿನಲ್ಲಿ ಎರಡು ವರ್ಷ ಚೆನ್ನಾಗಿ ಓದಿದವರಿಗೆ ಮೂರನೇ ವರ್ಷಕ್ಕೆ ಮೇಲಿನ ಯೂನಿವರ್ಸಿಟಿಗಳಲ್ಲಿ ಜಾಗ ಇರಬೇಕು. ಅದಕ್ಕಾಗಿಯೇ ಯೂನಿವರ್ಸಿಟಿಗಳಲ್ಲಿ ಮೊದಲೆರಡು ವರ್ಷದವರಿಗಿಂತ ಕೊನೆಯೆರಡು ವರ್ಷದವರು ಹೆಚ್ಚಿರಬೇಕು, ಸುಮಾರು 40ಕ್ಕೆ 60ರ ಪ್ರಮಾಣದಲ್ಲಿ, ಅಂತ ಇಟ್ಟರು. ಹದಿನೇಳನೇ ವಯಸ್ಸಿನಲ್ಲಿ ಮಾರ್ಕ್ಸ್ ತೆಗೆಯದ ಹುಡುಗನಿಗೆ ಇಪ್ಪತ್ತಕ್ಕೆ ಇನ್ನೊಂದು ಬಾಗಿಲು. ನನ್ನಂಥವಳಿಗೆ ಮೂವತ್ತು ದಾಟಿದ ಮೇಲೆ ಅದೇ ಬಾಗಿಲು. ಇಷ್ಟು ದೊಡ್ಡ ಮನಸ್ಸಿನಿಂದ ಮಾಡಿದ ಸರ್ಕಾರಿ ವ್ಯವಸ್ಥೆ ನಾನು ಬೇರೆ ನೋಡಿಲ್ಲ. ಅದನ್ನು ನಮ್ಮವರು ಅವಮಾನ ಅಂತ ನೋಡಿದಾಗ ಹೊಟ್ಟೆ ಉರಿಯುತ್ತದೆ.

ದುಡ್ಡಿನ ಮಾತೂ ಹೇಳಿಬಿಡುತ್ತೇನೆ. 1984ರವರೆಗೆ ಈ ಕಾಲೇಜುಗಳಲ್ಲಿ ಇಡೀ ರಾಜ್ಯಕ್ಕೆ ಅನ್ವಯಿಸುವ ಫೀಸು ಅಂತಲೇ ಇರಲಿಲ್ಲ. 2012ರಿಂದ ರಾಜ್ಯದ ನಿವಾಸಿಗಳಿಗೆ ಒಂದು ಯೂನಿಟ್ಟಿಗೆ, ಅಂದರೆ ಒಂದು ಕ್ರೆಡಿಟ್ಟಿಗೆ, 46 ಡಾಲರ್. ವರ್ಷಕ್ಕೆ 30 ಯೂನಿಟ್ ಓದಿದರೆ 1,380 ಡಾಲರ್. ಸಿಎಸ್‌ಯುನಲ್ಲಿ 2025-26ಕ್ಕೆ ವರ್ಷದ ಟ್ಯೂಷನ್ 6,450. ಯುಸಿಯಲ್ಲಿ ಸುಮಾರು 15 ಸಾವಿರ. ಊಟ, ರೂಮಿನ ಖರ್ಚು ಬೇರೆ. ಮನೆಯಿಂದಲೇ ಓಡಾಡಿದರೆ ಎರಡು ವರ್ಷದ ಉಳಿತಾಯ ಎಷ್ಟು ಅಂತ ನೀವೇ ಲೆಕ್ಕ ಹಾಕಿ. ಕೊನೆಗೆ ಕೈಗೆ ಬರುವ ಡಿಗ್ರಿಯ ಮೇಲೆ ಯೂನಿವರ್ಸಿಟಿಯ ಹೆಸರು ಮಾತ್ರ ಇರುತ್ತದೆ. ಮೊದಲೆರಡು ವರ್ಷ ಎಲ್ಲಿ ಓದಿದಿರಿ ಅಂತ ಅದರಲ್ಲಿ ಬರೆದಿರುವುದಿಲ್ಲ.

ಈಗ ಕ್ರೆಡಿಟ್ಟಿನ ವಿಷಯ. ಒಂದು ಕೋರ್ಸು ಕಮ್ಯುನಿಟಿ ಕಾಲೇಜಿನಿಂದ ಯೂನಿವರ್ಸಿಟಿ ಡಿಗ್ರಿಯವರೆಗೆ ತಲುಪಬೇಕಾದರೆ ಮೂರು ಜರಡಿ ದಾಟಬೇಕು. ಮೊದಲನೆಯದರ ಕಣ್ಣು ದೊಡ್ಡದು, ಮೂರನೆಯದು ಬಹಳ ಸಣ್ಣದು.

ಮೊದಲನೆಯ ಪ್ರಶ್ನೆ, ಈ ಕೋರ್ಸನ್ನು ಯೂನಿವರ್ಸಿಟಿ ಕಾಲೇಜು ಮಟ್ಟದ ಓದು ಅಂತ ಒಪ್ಪುತ್ತದೆಯಾ? ಒಪ್ಪಿದರೆ ಅದರ ಯೂನಿಟ್ಟುಗಳು ನಿಮ್ಮ ಖಾತೆಗೆ ಬರುತ್ತವೆ. ಸಿಎಸ್‌ಯು ಒಪ್ಪುವ ಪಟ್ಟಿ ದೊಡ್ಡದು, ಯುಸಿಯದು ಚಿಕ್ಕದು. ಎರಡನೆಯದು, ಎಲ್ಲ ವಿದ್ಯಾರ್ಥಿಗಳೂ ಓದಲೇಬೇಕಾದ ಜನರಲ್ ಎಜುಕೇಷನ್ ಭಾಗದಲ್ಲಿ ಇದಕ್ಕೆ ಜಾಗ ಇದೆಯಾ? ಬರವಣಿಗೆ, ಗಣಿತ, ವಿಜ್ಞಾನ, ಕಲೆ, ಸಮಾಜ ಅಂತ ಅಲ್ಲಿ ಖಾನೆಗಳಿರುತ್ತವೆ. ಮೂರನೆಯದೇ ಮುಖ್ಯ. ನೀವು ಸೇರಬೇಕೆಂದಿರುವ ಮುಖ್ಯ ವಿಷಯಕ್ಕೆ, ಅಂದರೆ ಮೇಜರ್‌ಗೆ, ನೀವು ಸೇರಬೇಕೆಂದಿರುವ ಕ್ಯಾಂಪಸ್ಸಿನಲ್ಲಿ, ಮೊದಲೆರಡು ವರ್ಷದಲ್ಲಿ ಓದಿರಬೇಕಾದ ಕೋರ್ಸಿಗೆ ಇದು ಸಮ ಅಂತ ಆ ವಿಭಾಗ ಒಪ್ಪಿದೆಯಾ?

ನನ್ನ ವಿಷಯದಲ್ಲೇ ಒಂದು ಉದಾಹರಣೆ ಕೊಡುತ್ತೇನೆ. ನಮ್ಮ ಕಾಲೇಜಿನಲ್ಲಿ ಬುಕ್‌ಕೀಪಿಂಗ್ ಅಂತ ಒಂದು ಕೋರ್ಸಿತ್ತು. ಅಂಗಡಿ, ಸಣ್ಣ ಕಂಪನಿಗಳಲ್ಲಿ ಲೆಕ್ಕ ಬರೆಯುವ ಕೆಲಸಕ್ಕೆ ತಯಾರು ಮಾಡುವ ಒಳ್ಳೆಯ ಕೋರ್ಸು. ಡೆಬಿಟ್ ಕ್ರೆಡಿಟ್ ಗೊತ್ತಿರುವ ಕಾಮರ್ಸಿನವರಿಗೆ ನೀರು ಕುಡಿದಷ್ಟು ಸುಲಭ. ನನ್ನ ಜೊತೆಯ ಒಬ್ಬಳು ಅದನ್ನು ತೆಗೆದುಕೊಂಡಳು, ಎ ಗ್ರೇಡ್ ಬಂತು. ಆದರೆ ಬಿಸಿನೆಸ್ ಮೇಜರ್‌ಗೆ ಕೇಳುವುದು ಫೈನಾನ್ಷಿಯಲ್ ಅಕೌಂಟಿಂಗ್ ಮತ್ತು ಮ್ಯಾನೇಜೀರಿಯಲ್ ಅಕೌಂಟಿಂಗ್. ಜೊತೆಗೆ ಮೈಕ್ರೋ, ಮ್ಯಾಕ್ರೋ ಎಕನಾಮಿಕ್ಸ್, ಗಣಿತ, ಸ್ಟಾಟಿಸ್ಟಿಕ್ಸ್ ಎಲ್ಲ. ಬುಕ್‌ಕೀಪಿಂಗ್ ಇವುಗಳಲ್ಲಿ ಯಾವುದಕ್ಕೂ ಸಮವಲ್ಲ. ಅವಳು ಫೈನಾನ್ಷಿಯಲ್ ಅಕೌಂಟಿಂಗನ್ನು ಮೊದಲಿಂದ ಓದಿದಳು. ಬುಕ್‌ಕೀಪಿಂಗ್‌ಗೆ ಕೊಟ್ಟ ಸೆಮಿಸ್ಟರು ಡಿಗ್ರಿಯ ಲೆಕ್ಕದಲ್ಲಿ ಅವಳನ್ನು ಎಲ್ಲಿಗೂ ಮುಟ್ಟಿಸಲಿಲ್ಲ.

ಸಿಎಸ್‌ಯುನಲ್ಲಿ ಡಿಗ್ರಿಗೆ ಸಾಮಾನ್ಯವಾಗಿ 120 ಸೆಮಿಸ್ಟರ್ ಯೂನಿಟ್ ಬೇಕು. ಮೂರನೇ ವರ್ಷಕ್ಕೆ ನೇರ ಸೇರಲು 60 ಇರಬೇಕು. ಕಮ್ಯುನಿಟಿ ಕಾಲೇಜಿನಿಂದ ಎಷ್ಟೇ ತಂದರೂ 70ಕ್ಕಿಂತ ಹೆಚ್ಚು ಯೂನಿಟ್ ಡಿಗ್ರಿಗೆ ಸೇರುವುದಿಲ್ಲ. ಯುಸಿಯಲ್ಲೂ ಮಿತಿ 70ರದ್ದೇ. ಹಾಗಾಗಿ "ನನ್ನ ಹತ್ತಿರ 85 ಯೂನಿಟ್ ಇದೆ" ಅಂತ ಯಾರಾದರೂ ಖುಷಿಯಾಗಿ ಹೇಳಿದರೆ ನಾನು ಮುಂದಿನ ಪ್ರಶ್ನೆ ಕೇಳುತ್ತೇನೆ. ಅದರಲ್ಲಿ ಮೇಜರ್‌ಗೆ ಬೇಕಾದವು ಎಷ್ಟು? ಬಹಳ ಸಲ ಅಲ್ಲಿ ಮಾತು ನಿಂತುಬಿಡುತ್ತದೆ.

ಇದು ಒಬ್ಬಿಬ್ಬರ ಕಥೆಯಲ್ಲ. ಅಮೆರಿಕ ಸಂಸತ್ತಿನ ಲೆಕ್ಕಪರಿಶೋಧನಾ ಕಚೇರಿ 2017ರಲ್ಲಿ ಒಂದು ವರದಿ ಕೊಟ್ಟಿತು. 2004ರಿಂದ 2009ರ ನಡುವೆ ಇಡೀ ದೇಶದಲ್ಲಿ ಒಂದು ಕಾಲೇಜಿಂದ ಇನ್ನೊಂದಕ್ಕೆ ಹೋದವರನ್ನು ನೋಡಿ, ಸರಾಸರಿ ಅಂದಾಜು ಶೇಕಡಾ 43ರಷ್ಟು ಕ್ರೆಡಿಟ್ ಅವರು ಕಳೆದುಕೊಂಡಿದ್ದಾರೆ ಅಂತ ಹೇಳಿತು. ಖಾಸಗಿ ಕಾಲೇಜುಗಳೂ ಆ ಲೆಕ್ಕದಲ್ಲಿವೆ. ಸರ್ಕಾರಿ ಕಾಲೇಜಿನಿಂದ ಸರ್ಕಾರಿ ಕಾಲೇಜಿಗೆ ಹೋದವರ ಸ್ಥಿತಿ ಸ್ವಲ್ಪ ವಾಸಿ, ಆದರೂ ನಷ್ಟ ಸಣ್ಣದೇನಲ್ಲ. ಓದಿ, ಪರೀಕ್ಷೆ ಬರೆದು, ಫೀಸು ಕಟ್ಟಿ, ಪಾಸಾಗಿ, ಆಮೇಲೆ "ಇದು ಬೇಡ" ಅನ್ನಿಸಿಕೊಳ್ಳುವುದು. ಹಗಲು ಕೆಲಸ ಮಾಡಿ ರಾತ್ರಿ ಕ್ಲಾಸಿಗೆ ಬರುವವರಿಗೆ ಒಂದು ಸೆಮಿಸ್ಟರ್ ವ್ಯರ್ಥವಾದರೆ ಎಷ್ಟೋ ಸಲ ಓದು ಅಲ್ಲಿಗೇ ನಿಲ್ಲುತ್ತದೆ.

ಮೂರನೇ ಜರಡಿಯ ಕಣ್ಣು ಎಷ್ಟಿದೆ ಅಂತ ಮೊದಲೇ ನೋಡಿಕೊಳ್ಳಲು ಕ್ಯಾಲಿಫೋರ್ನಿಯಾದಲ್ಲಿ ಒಂದು ಜಾಗವಿದೆ. ಅಸಿಸ್ಟ್ ಡಾಟ್ ಆರ್ಗ್. ನೋಡಲು ಬಹಳ ಸಾದಾ. ಯಾವ ಕಾಲೇಜಿನಲ್ಲಿದ್ದೀರಿ, ಯಾವ ಯೂನಿವರ್ಸಿಟಿಗೆ ಹೋಗಬೇಕು, ಯಾವ ಮೇಜರ್, ಯಾವ ವರ್ಷದ ಒಪ್ಪಂದ ಅಂತ ಆರಿಸಿದರೆ ಎರಡು ಕಾಲಮ್ಮಿನ ಪುಟ ತೆರೆದುಕೊಳ್ಳುತ್ತದೆ. ಎಡಗಡೆ ಯೂನಿವರ್ಸಿಟಿಯ ಕೋರ್ಸು, ಬಲಗಡೆ ಅದಕ್ಕೆ ಸಮವಾದ ನಿಮ್ಮ ಕಾಲೇಜಿನ ಕೋರ್ಸು. ಎರಡು ಕಾಲೇಜು ಕೋರ್ಸು ಸೇರಿದರೆ ಮಾತ್ರ ಒಂದು ಯೂನಿವರ್ಸಿಟಿ ಕೋರ್ಸಿಗೆ ಸಮ ಅಂತಿದ್ದರೆ ನಡುವೆ "ಆ್ಯಂಡ್" ಅಂತ ಬರೆದಿರುತ್ತದೆ. ಆ ಸಣ್ಣ ಪದ ನೋಡದೆ ಒಂದನ್ನೇ ಓದಿ ಬಂದವರು ಬಹಳ ಜನ. ಸಮವಾದದ್ದು ಇಲ್ಲವೇ ಇಲ್ಲ ಅಂತಾದರೆ "ನೋ ಕೋರ್ಸ್ ಆರ್ಟಿಕ್ಯುಲೇಟೆಡ್" ಅಂತ ಕಾಣುತ್ತದೆ. ಆ ಸಾಲು ಕಂಡಾಗ ಹೆದರುವುದು ಬೇಡ. ಪಕ್ಕದ ಊರಿನ ಕಾಲೇಜಿನಲ್ಲಿ ಸಮವಾದ ಕೋರ್ಸು ಇದೆಯಾ ಅಂತ ನೋಡಬೇಕು, ಅಥವಾ ಅದನ್ನು ಸೇರಿದ ಮೇಲೆ ಓದುವುದಕ್ಕೆ ಬಿಡ್ತಾರಾ ಅಂತ ಆ ಯೂನಿವರ್ಸಿಟಿಯನ್ನೇ ಕೇಳಬೇಕು.

ಪಕ್ಕದ ಊರಿನ ಕಾಲೇಜು ಅಂದೆನಲ್ಲ, ಅದರಲ್ಲೂ ಒಂದು ತೊಡಕಿದೆ. ಪರಿಚಯದವರ ಮಗನಿಗೆ ಎಂಜಿನಿಯರಿಂಗ್ ಓದುವ ಆಸೆ. ಫಿಸಿಕ್ಸ್‌ನ ಮೊದಲ ಭಾಗ ಒಂದು ಕಾಲೇಜಿನಲ್ಲಿ ಮುಗಿಸಿದ. ಮುಂದಿನ ಭಾಗಕ್ಕೆ ಅಲ್ಲಿ ಸಂಜೆಯ ಸೀಟು ಸಿಗಲಿಲ್ಲ, ಬೇರೆ ಕಾಲೇಜಿನಲ್ಲಿ ತೆಗೆದುಕೊಂಡ. ಮೊದಲನೆಯದು ವರ್ಷದ ಓದನ್ನು ಮೂರು ಟರ್ಮು ಮಾಡುವ ಕ್ವಾರ್ಟರ್ ಪದ್ಧತಿಯದು, ಎರಡನೆಯದು ಸೆಮಿಸ್ಟರ್. ಕ್ವಾರ್ಟರಿನ 90 ಯೂನಿಟ್ ಅಂದರೆ ಸೆಮಿಸ್ಟರಿನ 60. ಐದು ಯೂನಿಟ್ಟಿನ ಕ್ವಾರ್ಟರ್ ಕೋರ್ಸು ಆಚೆ ಕಡೆ 3.33 ಆಗುತ್ತದೆ. ಯೂನಿಟ್ಟನ್ನು ಭಾಗಿಸಬಹುದು, ಪಾಠವನ್ನು ಭಾಗಿಸಲು ಆಗುವುದಿಲ್ಲ. ಒಂದು ಕಡೆ ಮೂರು ನಾಲ್ಕು ತುಂಡು ಮಾಡಿ ಕಲಿಸಿದ್ದನ್ನು ಇನ್ನೊಂದು ಕಡೆ ಬೇರೆ ರೀತಿ ತುಂಡು ಮಾಡಿರುತ್ತಾರೆ. ಮ್ಯಾಗ್ನೆಟಿಸಂ ಇಲ್ಲಿ ಮೂರನೇ ಭಾಗದಲ್ಲಿದ್ದರೆ ಅಲ್ಲಿ ಎರಡರಲ್ಲೇ ಬಂದಿರಬಹುದು. ಅದಕ್ಕೇ ಎಷ್ಟೋ ಯೂನಿವರ್ಸಿಟಿ ವಿಭಾಗಗಳು ಇಡೀ ಸರಣಿಯನ್ನು ಒಂದೇ ಕಡೆ ಮುಗಿಸಿ ಬನ್ನಿ ಅನ್ನುತ್ತವೆ. ಹುಡುಗನ ಯೂನಿಟ್ಟೆಲ್ಲ ದಾಟಿದವು, ಗ್ರೇಡೂ ಚೆನ್ನಾಗಿತ್ತು. ಆದರೆ ಫಿಸಿಕ್ಸ್ ಸರಣಿ ಪೂರ್ತಿಯಾಗಿದೆ ಅಂತ ವಿಭಾಗ ಒಪ್ಪಲಿಲ್ಲ. ಒಂದು ವರ್ಷ ಹೋಯಿತು. ಅವರಮ್ಮ ನನ್ನ ಮುಂದೆ ಅತ್ತದ್ದು ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. "ಪಾಸಾದ ಪರೀಕ್ಷೇನ ಮತ್ತೆ ಬರಿ ಅಂತಾರಲ್ರೀ" ಅಂದರು. ಅವರಿಗೆ ನಾನೇನು ಹೇಳಲಿ?

ಕರ್ನಾಟಕದಲ್ಲಿ ಓದಿದವರಿಗೆ ಇದು ಯಾಕಿಷ್ಟು ಜಟಿಲ ಅನ್ನಿಸುವುದು ಸಹಜ. ಅಲ್ಲಿ ಡಿಪ್ಲೊಮಾ ಮುಗಿಸಿದವರು ಡಿಸಿಇಟಿ ಬರೆದು ನೇರ ಎಂಜಿನಿಯರಿಂಗ್ ಎರಡನೇ ವರ್ಷಕ್ಕೆ ಸೇರುತ್ತಾರೆ. ನನ್ನ ತಮ್ಮ ಹಾಗೇ ಸೇರಿದ್ದು. ಮೂರನೇ ಸೆಮಿಸ್ಟರಿಗೆ ಕೂತ, ಬಿಟ್ಟುಹೋದ ಗಣಿತಕ್ಕೆ ಡಿಪ್ಲೊಮಾದವರಿಗೆಂದೇ ಇಟ್ಟ ಹೆಚ್ಚುವರಿ ಗಣಿತದ ಪೇಪರು ಬರೆದ, ಮುಗಿಯಿತು. ಇಂತಿಂಥ ಕೋರ್ಸು ಸಮವೋ ಅಲ್ಲವೋ ಅಂತ ಒಂದೊಂದನ್ನೇ ಅಳೆಯುವ ಗೋಜು ಅವನಿಗೆ ಬರಲಿಲ್ಲ. ವಿಟಿಯು ಅಡಿಯಲ್ಲಿ ನೂರಾರು ಕಾಲೇಜುಗಳಿಗೆ ಹೆಚ್ಚುಕಡಿಮೆ ಒಂದೇ ಸಿಲಬಸ್. ಇಲ್ಲಿ ಹಾಗಲ್ಲ. ಪ್ರತಿ ಕ್ಯಾಂಪಸ್ಸಿನ ಪ್ರತಿ ವಿಭಾಗದ ಪ್ರೊಫೆಸರುಗಳು ತಮ್ಮ ವಿದ್ಯಾರ್ಥಿಗೆ ಏನು ಗೊತ್ತಿರಬೇಕು ಅಂತ ತಾವೇ ತೀರ್ಮಾನಿಸುತ್ತಾರೆ. ಆ ಸ್ವಾತಂತ್ರ್ಯದಿಂದ ಪಾಠಗಳು ಜೀವಂತವಾಗಿರುತ್ತವೆ, ಇದನ್ನು ನಾನು ಕ್ಲಾಸಿನಲ್ಲಿ ಕೂತು ಅನುಭವಿಸಿದ್ದೇನೆ. ಅದೇ ಸ್ವಾತಂತ್ರ್ಯದ ಖರ್ಚು ಮಾತ್ರ ಕೆಳಗಿನಿಂದ ಬರುವ ವಿದ್ಯಾರ್ಥಿಯ ತಲೆಯ ಮೇಲೆ ಬೀಳುತ್ತದೆ. ಇದು ನನಗೆ ಸರಿ ಕಾಣುವುದಿಲ್ಲ.

ನನ್ನ ಓದಿನಲ್ಲಿ ನನಗೆ ತುಂಬಾ ಸಂತೋಷ ಕೊಟ್ಟ ಒಂದು ಸಂಗತಿ ಹೇಳಲೇಬೇಕು. ಆಗ ಜನರಲ್ ಎಜುಕೇಷನ್‌ಗೆ ಐಗೆಟ್ಸಿ ಅನ್ನುವ ಪಟ್ಟಿ ಇತ್ತು. ನಾನು ಸಿಎಸ್‌ಯು, ಯುಸಿ ಎರಡಕ್ಕೂ ಅರ್ಜಿ ಹಾಕುವ ಆಲೋಚನೆಯಲ್ಲಿದ್ದೆ. ಯುಸಿಗೆ ಹೋಗುವವರಿಗೆ ಆ ಪಟ್ಟಿಯಲ್ಲಿ ಒಂದು ಖಾನೆ ಹೆಚ್ಚಿಗೆ: ಇಂಗ್ಲಿಷ್ ಅಲ್ಲದ ಇನ್ನೊಂದು ಭಾಷೆ. ಎಲ್ಲರೂ ಸ್ಪ್ಯಾನಿಷ್ ಕ್ಲಾಸಿಗೆ ಸೇರುತ್ತಿದ್ದರು. ನಾನೂ ಹೆಸರು ಬರೆಸಲು ಹೊರಟಿದ್ದೆ. ಕೌನ್ಸೆಲರ್ ನನ್ನ ಫೈಲು ನೋಡಿ, "ನೀವು ಶಾಲೆಯಲ್ಲಿ ಯಾವ ಭಾಷೆಯಲ್ಲಿ ಓದಿದ್ದು?" ಅಂತ ಕೇಳಿದರು. ಕನ್ನಡ ಅಂದೆ. ಗಣಿತ, ವಿಜ್ಞಾನ ಕೂಡ? ಹೂಂ, ಎಲ್ಲಾನೂ. ಆಗ ಅವರು ನಿಯಮ ತೆಗೆದು ತೋರಿಸಿದರು. ಆರನೇ ತರಗತಿ ಅಥವಾ ಅದರ ಮೇಲೆ ಎರಡು ವರ್ಷ ಇಂಗ್ಲಿಷ್ ಅಲ್ಲದ ಮಾಧ್ಯಮದ ಶಾಲೆಯಲ್ಲಿ ಸಿ ಗ್ರೇಡಿಗೆ ಕಡಿಮೆಯಿಲ್ಲದೆ ಓದಿದ್ದರೆ ಈ ಖಾನೆ ತುಂಬಿದ ಹಾಗೆ. ದಾಖಲೆ ಕೊಟ್ಟರೆ ಸಾಕು.

ಊರಿಗೆ ಫೋನ್ ಮಾಡಿದೆ. ನಮ್ಮಲ್ಲಿ ಸರ್ಕಾರಿ ಕೆಲಸಕ್ಕೆ ಅರ್ಜಿ ಹಾಕುವವರು ಕನ್ನಡ ಮಾಧ್ಯಮದ ಪ್ರಮಾಣ ಪತ್ರ ಮಾಡಿಸುತ್ತಾರಲ್ಲ, ಮುಖ್ಯೋಪಾಧ್ಯಾಯರು ಬರೆದು ಬಿಇಒ ಮೇಲುರುಜು ಹಾಕುವುದು, ಅದೇ ಪತ್ರ. ತಮ್ಮ ಶಾಲೆಗೆ ಹೋದ. ಅಮೆರಿಕದ ಕಾಲೇಜಿಗೆ ಕನ್ನಡ ಮಾಧ್ಯಮದ ಸರ್ಟಿಫಿಕೇಟ್ ಯಾಕೆ ಅಂತ ಹೆಡ್ ಮಾಸ್ತರರು ಕೇಳಿದರಂತೆ. ವಿಷಯ ಹೇಳಿದ ಮೇಲೆ ಮತ್ತೆ ಕೂರಿಸಿ, ಕಾಫಿ ತರಿಸಿ, ಅಕ್ಷರ ದುಂಡಾಗಿ ಬರೆದುಕೊಟ್ಟರಂತೆ. ಆ ಪತ್ರ, ಅದರ ಇಂಗ್ಲಿಷ್ ಅನುವಾದ, ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಮೂರನ್ನೂ ಕಾಲೇಜಿಗೆ ಕೊಟ್ಟೆ. ಪ್ರಥಮ ಭಾಷೆ ಕನ್ನಡ, 125ಕ್ಕೆ ಇಷ್ಟು ಅಂತ ಅಚ್ಚಾದ ಆ ಕಾಗದ ಇಲ್ಲಿನ ಲೆಕ್ಕದಲ್ಲಿ ಒಂದು ಖಾನೆ ತುಂಬಿತು. ಕನ್ನಡ ಮಾಧ್ಯಮದಲ್ಲಿ ಓದಿದ್ದಕ್ಕೆ ನಾನು ಅದುವರೆಗೆ ಎಷ್ಟೋ ಕಡೆ ಮುಜುಗರದಿಂದ ಮಾತು ಬದಲಿಸಿದ್ದುಂಟು. ಅವತ್ತು ಹಾಗಾಗಲಿಲ್ಲ.

2025ರಿಂದ ಐಗೆಟ್ಸಿ ಜಾಗಕ್ಕೆ ಕ್ಯಾಲ್-ಗೆಟ್ಸಿ ಬಂದಿದೆ. 11 ಕೋರ್ಸು, 34 ಯೂನಿಟ್, ಸಿಎಸ್‌ಯು ಯುಸಿ ಎರಡಕ್ಕೂ ಒಂದೇ ಪಟ್ಟಿ. ಭಾಷೆಯ ಖಾನೆ ಅದರಲ್ಲಿಲ್ಲ. ನನಗೆ ಸ್ವಲ್ಪ ಬೇಸರವಾಯಿತು. ಆದರೂ ಒಂದೇ ಪಟ್ಟಿ ಆಗಿರುವುದು ದೊಡ್ಡ ಉಪಕಾರ. ಮೊದಲು ಎರಡು ಪಟ್ಟಿ ಇಟ್ಟುಕೊಂಡು ಎರಡು ದೋಣಿಯ ಮೇಲೆ ಕಾಲಿಡಬೇಕಾಗಿತ್ತು. ಇದನ್ನು ಮಾಡಿಸಿದ್ದು 2021ರ ಎಬಿ 928 ಅನ್ನುವ ಕಾನೂನು. ಅದೇ ವರ್ಷದ ಎಬಿ 1111 ಇನ್ನೂ ಮುಖ್ಯವಾದದ್ದು ಅಂತ ನನ್ನ ಅಭಿಪ್ರಾಯ. ಒಂದೇ ಪಾಠಕ್ಕೆ ಎಲ್ಲ ಕಮ್ಯುನಿಟಿ ಕಾಲೇಜುಗಳಲ್ಲೂ ಒಂದೇ ನಂಬರ್ ಇರಬೇಕು ಅಂತ ಅದು ಹೇಳುತ್ತದೆ. ಇಂಗ್ಲಿಷ್, ಸ್ಟಾಟಿಸ್ಟಿಕ್ಸ್, ಸೈಕಾಲಜಿ, ಪೊಲಿಟಿಕಲ್ ಸೈನ್ಸ್‌ನಂಥ ಹೆಚ್ಚು ಜನ ಓದುವ ಕೋರ್ಸುಗಳಿಂದ ಶುರು ಮಾಡಿದ್ದಾರೆ. ಫಿಸಿಕ್ಸ್ ಹುಡುಗನಂಥವರ ಕಷ್ಟ ಇದರಿಂದ ಪೂರ್ತಿ ಹೋಗುವುದಿಲ್ಲ, ನಂಬರ್ ಒಂದಾದರೂ ಕ್ವಾರ್ಟರ್ ಕ್ವಾರ್ಟರೇ. ಆದರೆ ದಿಕ್ಕು ಸರಿಯಾಗಿದೆ.

ಇದಕ್ಕೂ ಮೊದಲು, 2010ರಲ್ಲಿ, ಎಸ್‌ಬಿ 1440 ಅಂತ ಇನ್ನೊಂದು ಕಾನೂನು ಬಂದಿತ್ತು. ನನ್ನ ಕೈ ಹಿಡಿದದ್ದು ಅದೇ. ಅಸೋಸಿಯೇಟ್ ಡಿಗ್ರಿ ಫಾರ್ ಟ್ರಾನ್ಸ್‌ಫರ್, ಚಿಕ್ಕದಾಗಿ ಎಡಿಟಿ. ನಿಗದಿ ಮಾಡಿದ 60 ಯೂನಿಟ್ ಓದಿ ಇದನ್ನು ಪಡೆದರೆ ಸಿಎಸ್‌ಯುನಲ್ಲಿ ಎಲ್ಲಾದರೂ ಒಂದು ಕಡೆ ಸೀಟು ಖಾತ್ರಿ. ಹೋಲುವ ಮೇಜರ್‌ಗೆ ಸೇರಿದರೆ ಇನ್ನು 60 ಯೂನಿಟ್ಟಿನಲ್ಲಿ ಡಿಗ್ರಿ ಮುಗಿಯಬೇಕು, ಅದಕ್ಕಿಂತ ಹೆಚ್ಚು ಓದಿಸುವ ಹಾಗಿಲ್ಲ. ಎಲ್ಲಾದರೂ ಒಂದು ಕಡೆ ಅನ್ನುವುದನ್ನು ಗಮನಿಸಿ. ನಿಮ್ಮ ಮನೆ ಪಕ್ಕದ ಕ್ಯಾಂಪಸ್ಸಿನಲ್ಲೇ ಅಂತ ಅಲ್ಲ. ಮಗಳನ್ನು ಸ್ಕೂಲಿಗೆ ಬಿಟ್ಟು ಓದಲು ಹೋಗುವ ನನ್ನಂಥವಳಿಗೆ ದೂರದ ಊರಿನ ಸೀಟು ಇದ್ದೂ ಇಲ್ಲದ ಹಾಗೆ. ಅದೃಷ್ಟಕ್ಕೆ ನನಗೆ ಹತ್ತಿರದಲ್ಲೇ ಸಿಕ್ಕಿತು.

ಯುಸಿಯ ಖಾತ್ರಿಗೆ ಟ್ಯಾಗ್ ಅಂತ ಹೆಸರು. ಡೇವಿಸ್, ಅರ್ವೈನ್, ಮರ್ಸೆಡ್, ರಿವರ್‌ಸೈಡ್, ಸಾಂಟಾ ಬಾರ್ಬರಾ, ಸಾಂಟಾ ಕ್ರೂಸ್ ಈ ಆರು ಕಡೆ ಮಾತ್ರ ಇದೆ. ಬರ್ಕ್ಲಿ, ಲಾಸ್ ಏಂಜಲೀಸ್, ಸ್ಯಾನ್ ಡಿಯಾಗೋದಲ್ಲಿಲ್ಲ. ಆರರಲ್ಲಿ ಒಂದಕ್ಕೆ ಮಾತ್ರ ಹಾಕಬಹುದು, ಅದೂ ಸೆಪ್ಟೆಂಬರ್ ತಿಂಗಳಲ್ಲಿ. ನಮ್ಮವರಿಗೆಲ್ಲ ಬೇಕಾದ ಕಂಪ್ಯೂಟರ್ ಸೈನ್ಸ್, ಎಂಜಿನಿಯರಿಂಗ್‌ಗೆ ಎಷ್ಟೋ ಕಡೆ ಟ್ಯಾಗ್ ಕೊಡುವುದಿಲ್ಲ. ಕೊಟ್ಟರೂ ಕೇಳುವ ಜಿಪಿಎ, ಅಂದರೆ ಗ್ರೇಡುಗಳ ಸರಾಸರಿ, ಜಾಸ್ತಿ. ಎಂಜಿನಿಯರಿಂಗ್‌ಗೆ ಹೋಗುವವರು ಜನರಲ್ ಎಜುಕೇಷನ್ ಪಟ್ಟಿಯ ಹಿಂದೆ ಬೀಳಬಾರದು, ಗಣಿತ ಫಿಸಿಕ್ಸ್ ಮೊದಲು ಮುಗಿಸಬೇಕು ಅಂತ ಯುಸಿಯೇ ಹೇಳುತ್ತದೆ. ಈ ಮಾತು ಬಹಳ ಮನೆಗಳಿಗೆ ತಲುಪಿಲ್ಲ.

ಇನ್ನೊಂದು ವಿಚಿತ್ರ ನೋಡಿ. ಕಮ್ಯುನಿಟಿ ಕಾಲೇಜು ಅಂದರೆ ಮುಖ ಸಣ್ಣ ಮಾಡುವ ಅದೇ ಅಪ್ಪ ಅಮ್ಮಂದಿರು ಹೈಸ್ಕೂಲಿನ ಮಕ್ಕಳನ್ನು ಬೇಸಿಗೆ ರಜೆಯಲ್ಲಿ ಇಲ್ಲಿನ ಕಮ್ಯುನಿಟಿ ಕಾಲೇಜುಗಳೇ ಆದ ಡಿ ಆನ್ಜಾ, ಫುಟ್‌ಹಿಲ್ ಕಾಲೇಜಿನ ಕ್ಲಾಸಿಗೆ ಸೇರಿಸುತ್ತಾರೆ. ಯುಸಿ ಅರ್ಜಿಯಲ್ಲಿ ಚೆನ್ನಾಗಿ ಕಾಣಲಿ ಅಂತ. ಪಾಠ ಅದೇ, ಪ್ರೊಫೆಸರೂ ಅವರೇ. ಹದಿನಾರನೇ ವಯಸ್ಸಿನಲ್ಲಿ ಅಲ್ಲಿ ಕೂತರೆ ಹೆಮ್ಮೆ, ಹದಿನೆಂಟಕ್ಕೆ ಕೂತರೆ ಅವಮಾನ ಹೇಗಾಗುತ್ತದೆ? ಒಂದು ಎಚ್ಚರಿಕೆಯನ್ನೂ ಹೇಳಿಬಿಡುತ್ತೇನೆ. ಆ ಬೇಸಿಗೆ ಕ್ಲಾಸಿನ ಗ್ರೇಡು ಕಾಲೇಜಿನ ಗ್ರೇಡು. ಅದು ಟ್ರಾನ್ಸ್‌ಕ್ರಿಪ್ಟಿನಲ್ಲಿ ಶಾಶ್ವತವಾಗಿ ಉಳಿಯುತ್ತದೆ, ಮುಂದೆ ಎಲ್ಲಿ ಅರ್ಜಿ ಹಾಕಿದರೂ ತೋರಿಸಬೇಕು. ಸುಮ್ನೆ ಟೈಂಪಾಸಿಗೆ ಸೇರಿಸಬೇಡಿ.

ಎಚ್-4 ಇರುವ ಮನೆಗಳಿಗೆ ಬೇರೆಯೇ ಲೆಕ್ಕವಿದೆ. ಎಚ್-4ನಲ್ಲಿ ಕೆಲಸ ಮಾಡಲು ಬೇರೆ ಪರವಾನಗಿ ಬೇಕು, ಓದಲು ಬೇಡ. ಫೀಸಿನ ಮಟ್ಟಿಗೆ ಕ್ಯಾಲಿಫೋರ್ನಿಯಾದ ನಿವಾಸಿ ಅಂತಲೂ ಅನ್ನಿಸಿಕೊಳ್ಳಬಹುದು. ಟರ್ಮ್ ಶುರುವಾಗುವ ಮೊದಲು ಒಂದು ವರ್ಷ ಒಂದು ದಿನ ಇಲ್ಲಿದ್ದಿರಬೇಕು, ಇಲ್ಲೇ ಇರುವ ಉದ್ದೇಶಕ್ಕೆ ಬಾಡಿಗೆ ಕರಾರು, ಟ್ಯಾಕ್ಸ್ ಕಾಗದ, ಡ್ರೈವಿಂಗ್ ಲೈಸೆನ್ಸಿನಂಥ ದಾಖಲೆ ತೋರಿಸಬೇಕು. "ವೀಸಾದಲ್ಲಿದ್ದೀನಿ, ನನಗೆ ಹೊರಗಿನವರ ಫೀಸೇ" ಅಂತ ತಾವೇ ತೀರ್ಮಾನಿಸಿ ಮನೆಯಲ್ಲಿ ಕೂತ ಹೆಣ್ಣುಮಕ್ಕಳನ್ನು ನಾನು ಕಂಡಿದ್ದೇನೆ. ದಯವಿಟ್ಟು ಕಾಲೇಜಿನ ಅಡ್ಮಿಷನ್ಸ್ ಆಫೀಸಿಗೆ ಹೋಗಿ ಕೇಳಿ. ಊರಲ್ಲಿ ಡಿಗ್ರಿ ಮುಗಿಸಿ ಬಂದವರು ಮಾತ್ರ ಇನ್ನೊಂದು ವಿಷಯ ತಿಳಿದಿರಬೇಕು. ಎರಡನೇ ಬ್ಯಾಚುಲರ್ ಡಿಗ್ರಿಗೆ ಈ ಸರ್ಕಾರಿ ಯೂನಿವರ್ಸಿಟಿಗಳು ಸುಲಭಕ್ಕೆ ಸೇರಿಸಿಕೊಳ್ಳುವುದಿಲ್ಲ. ಅವರಿಗೆ ಮಾಸ್ಟರ್ಸ್ ಕಡೆ ನೋಡುವುದೇ ವಾಸಿ.

ಮಕ್ಕಳ ವಿಷಯ ಇನ್ನೂ ಸೂಕ್ಷ್ಮ. ಎಚ್-4 ಇಪ್ಪತ್ತೊಂದಕ್ಕೆ ಮುಗಿಯುತ್ತದೆ. ಅಷ್ಟರಲ್ಲಿ ಗ್ರೀನ್ ಕಾರ್ಡ್ ಬರದಿದ್ದರೆ ಸಾಮಾನ್ಯವಾಗಿ ಎಫ್-1 ಅನ್ನುವ ವಿದ್ಯಾರ್ಥಿ ವೀಸಾಗೆ ಬದಲಾಗಬೇಕು. ಎಫ್-1ನವರಿಗೆ ಹೊರಗಿನವರ ಫೀಸು. ಹದಿನೆಂಟಕ್ಕೆ ಕಮ್ಯುನಿಟಿ ಕಾಲೇಜು ಸೇರಿ ಇಪ್ಪತ್ತು ಇಪ್ಪತ್ತೊಂದಕ್ಕೆ ಯೂನಿವರ್ಸಿಟಿಗೆ ದಾಟುವ ಹೊತ್ತಿಗೇ ಇದು ಎದುರಾಗುತ್ತದೆ. ಕ್ರೆಡಿಟ್ಟುಗಳು ದಾಟುತ್ತವೆ, ಫೀಸು ಮಾತ್ರ ಮೂರು ಪಟ್ಟಿನತ್ತ ಏರುತ್ತದೆ. ನಾಲ್ಕೈದು ವರ್ಷದ ಮಗುವಾಗಿ ಇಲ್ಲಿಗೆ ಬಂದು, ಇಲ್ಲೇ ಬೆಳೆದ ಮಕ್ಕಳಿಗೆ ಹೀಗಾಗುವುದು ಅನ್ಯಾಯ ಅಂತ ನಾನು ಎಲ್ಲಿ ಬೇಕಾದರೂ ಹೇಳುತ್ತೇನೆ. ಅದು ಬದಲಾಗಬೇಕಾದರೆ ದೇಶದ ಕಾನೂನೇ ಬದಲಾಗಬೇಕು. ಅಲ್ಲಿಯವರೆಗೆ ಮನೆಯವರು ಹತ್ತನೇ ಕ್ಲಾಸಿನಲ್ಲೇ ಕೂತು ವಯಸ್ಸು ಲೆಕ್ಕ ಹಾಕಬೇಕು. ಹೈಸ್ಕೂಲಿನಲ್ಲಿರುವಾಗಲೇ ಕಾಲೇಜು ಕೋರ್ಸು ಮುಗಿಸಿ ಒಂದು ವರ್ಷ ಮುಂಚೆ ದಾಟಲು ಸಾಧ್ಯವಾ ಅಂತ ನೋಡಬೇಕು.

ದಾಟಿದ ಮೇಲೆ ಏನಾಗುತ್ತದೆ ಅಂತ ಯಾರೂ ಕೇಳುವುದಿಲ್ಲ. ಅದನ್ನೂ ಸ್ವಲ್ಪ ಹೇಳುತ್ತೇನೆ. ಯೂನಿವರ್ಸಿಟಿಯ ಮೊದಲ ಸೆಮಿಸ್ಟರು ಕಷ್ಟ. ಗ್ರೇಡು ಸ್ವಲ್ಪ ಬೀಳುವುದು ಎಷ್ಟು ಸಾಮಾನ್ಯ ಅಂದರೆ ಇಲ್ಲಿನವರು ಅದಕ್ಕೆ ಟ್ರಾನ್ಸ್‌ಫರ್ ಶಾಕ್ ಅಂತ ಹೆಸರೇ ಇಟ್ಟಿದ್ದಾರೆ. ಪಕ್ಕದಲ್ಲಿ ಕೂತವರಿಗೆ ಎರಡು ವರ್ಷದ ಗೆಳೆಯರಿದ್ದಾರೆ, ಯಾವ ಪ್ರೊಫೆಸರು ಹೇಗೆ ಅಂತ ಗೊತ್ತಿದೆ. ನೀವು ಕ್ಲಾಸ್‌ರೂಮು ಹುಡುಕುತ್ತಿರುತ್ತೀರಿ. ಬಂದ ಒಂದೆರಡು ತಿಂಗಳಲ್ಲೇ ಮುಂದಿನ ಬೇಸಿಗೆಯ ಇಂಟರ್ನ್‌ಶಿಪ್ಪಿಗೆ ಕಂಪನಿಗಳು ಬರುತ್ತವೆ, ತೋರಿಸಲು ನಿಮ್ಮ ಹತ್ತಿರ ಯೂನಿವರ್ಸಿಟಿಯ ಒಂದು ಗ್ರೇಡೂ ಇರುವುದಿಲ್ಲ. ಯುಸಿಯಲ್ಲಂತೂ ಹಳೆಯ ಜಿಪಿಎ ಜೊತೆಗೆ ಬರುವುದಿಲ್ಲ, ಹೊಸದಾಗಿ ಕಟ್ಟಬೇಕು. ಅದಕ್ಕೇ ನಾನು ಎಲ್ಲರಿಗೂ ಹೇಳುವುದು, ಮೊದಲ ಟರ್ಮಿನಲ್ಲಿ ಮೇಜರಿನ ಗಟ್ಟಿ ಕೋರ್ಸು ಒಟ್ಟಿಗೆ ಮೂರು ತೆಗೆದುಕೊಳ್ಳಬೇಡಿ. ಜನರಲ್ ಎಜುಕೇಷನ್‌ನ ಒಂದೆರಡು ಹಗುರ ಕೋರ್ಸನ್ನು ಕಮ್ಯುನಿಟಿ ಕಾಲೇಜಿನಲ್ಲೇ ಮುಗಿಸುವ ಬದಲು, ನಿಯಮ ಬಿಟ್ಟರೆ, ಇದಕ್ಕಾಗಿ ಉಳಿಸಿಕೊಳ್ಳಿ. ಸಿಎಸ್‌ಯುಗೆ ಹೋಗುವವರು ಮಾತ್ರ ಭಾಷಣ, ಬರವಣಿಗೆ, ಕ್ರಿಟಿಕಲ್ ಥಿಂಕಿಂಗ್, ಗಣಿತ ಈ ನಾಲ್ಕನ್ನು ಮೊದಲೇ ಮುಗಿಸಿರಬೇಕು. ಗೋಲ್ಡನ್ ಫೋರ್ ಅನ್ನುತ್ತಾರೆ, ಅದರಲ್ಲಿ ರಿಯಾಯಿತಿ ಇಲ್ಲ.

ಭಾರತದಲ್ಲೂ 2021ರಿಂದ ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್ ಬಂದಿದೆ. ವಿದ್ಯಾರ್ಥಿಯ ಕ್ರೆಡಿಟ್ಟೆಲ್ಲ ಒಂದು ಖಾತೆಯಲ್ಲಿ ಜಮಾ ಆಗುತ್ತವೆ, ಬೇರೆ ಕಾಲೇಜಿಗೆ ಹೋದರೆ ಅಲ್ಲಿ ಬಳಸಬಹುದು ಅನ್ನುವ ಯೋಜನೆ. ಊರಿನ ನೆಂಟರ ಮಕ್ಕಳು ಆ ಐಡಿ ಮಾಡಿಸಿಕೊಂಡಿದ್ದಾರೆ. ಜಮಾ ಆಗುವುದು ನನ್ನ ಮೊದಲ ಜರಡಿ ಮಾತ್ರ. ತುಮಕೂರಿನಲ್ಲಿ ಓದಿದ ಒಂದು ಪೇಪರು ಧಾರವಾಡದಲ್ಲಿ ಯಾವ ಪೇಪರಿಗೆ ಸಮ ಅಂತ ಹೇಳುವ ಎರಡು ಕಾಲಮ್ಮಿನ ಪುಟ, ಸೇರುವ ಮೊದಲೇ ಯಾರು ಬೇಕಾದರೂ ತೆರೆದು ನೋಡುವ ಹಾಗೆ, ವರ್ಷ ವರ್ಷವೂ ತಿದ್ದಿಡುವವರು ಬೇಕು. ಕ್ಯಾಲಿಫೋರ್ನಿಯಾಕ್ಕೆ ಅಸಿಸ್ಟ್ ಬಂದದ್ದು 1980ರ ದಶಕದಲ್ಲಿ, ಮಾಸ್ಟರ್ ಪ್ಲಾನ್ ಆಗಿ ಎರಡು ದಶಕ ಕಳೆದ ಮೇಲೆ. ನಮ್ಮ ಯೂನಿವರ್ಸಿಟಿಗಳ ಅಧ್ಯಯನ ಮಂಡಳಿಗಳಲ್ಲಿ ಕೂರುವವರು ಅಷ್ಟು ಕಾಯಬೇಕಿಲ್ಲ. ಬಿ.ಕಾಂ. ಒಂದರಿಂದಲೇ ಶುರು ಮಾಡಬಹುದು. ಅರ್ಧಕ್ಕೆ ಬಿಟ್ಟ ಬಿ.ಕಾಂ.ನ ಅಂಕಪಟ್ಟಿ ಬೀರುವಿನಲ್ಲಿಟ್ಟುಕೊಂಡು ಮದುವೆಯಾಗಿ ಬೇರೆ ಜಿಲ್ಲೆಗೆ ಹೋದ ಹೆಣ್ಣುಮಕ್ಕಳು ಕರ್ನಾಟಕದಲ್ಲಿ ಬೇಕಾದಷ್ಟು ಜನ ಇದ್ದಾರೆ. ಆ ಪುಟ ಬಂದರೆ ಮೊದಲು ತೆರೆಯುವವರು ಅವರೇ.